ಉಪ್ಪುನೀರು ಪಳಗುವ ತನಕ

ಮನೆಯಿಂದ
ನವೆಂಬರ್ ಹದಿನಾರು, ಭಾನುವಾರ, ತಿಂಡಿ ಮುಗಿದ ಮೇಲೆ

ನಮ್ಮ ಮನೆಯವರಿಗೆ,

ಮನೆಯಲ್ಲಿ ವರ್ಷಪೂರ್ತಿ ಇರುವುದು ನಾನು ಮತ್ತು ಅತ್ತೆ. ಆದರೂ ಯಾರಾದರೂ ಕೇಳಿದರೆ ‘ನಮ್ಮ ಮನೆಯವರು’ ಎಂದು ನಾನು ಹೇಳುವುದು ನಿಮ್ಮನ್ನೇ. ಕಾಗದದಲ್ಲೂ ಹಾಗೇ ಇರಲಿ. ಹೇಗಿದ್ದೀರಿ? ಮಣಿಕಟ್ಟಿನ ಸುಟ್ಟ ಗಾಯ ಮಾಗಿತೇ? ‘ಏನಿಲ್ಲ, ಸ್ವಲ್ಪ ಆವಿ ತಗುಲ್ತು’ ಎಂದು ಫೋನಿನಲ್ಲಿ ಹಾರಿಕೆಯ ಮಾತಾಡಿದಿರಿ. ನಿಮ್ಮ ‘ಸ್ವಲ್ಪ’ ಎಷ್ಟಿರುತ್ತದೆ ಎಂದು ನನಗೆ ಗೊತ್ತಿಲ್ಲವೇ? ಬೇರೆ ಯಾವುದರ ಬಗ್ಗೆ ಬೇಕಾದರೂ ಸುಳ್ಳು ಹೇಳಿ, ಆವಿಯ ಬಗ್ಗೆ ಮಾತ್ರ ಬೇಡ. ಆಸ್ಪತ್ರೆಯ ಸ್ಟೆರಿಲೈಸೇಷನ್ ರೂಮಿನಲ್ಲಿ ದಿನವಿಡೀ ಆವಿಯ ಯಂತ್ರದ ಬಾಗಿಲು ತೆಗೆದು ಹಾಕುವವಳು ನಾನು. ಗಾಯಕ್ಕೆ ಗ್ರೀಸು ಬಳಿಯುವ ಫಿಟ್ಟರುಗಳ ವೈದ್ಯ ಬೇಡ, ಒಣಗಿದ ಶುಭ್ರ ಬಟ್ಟೆ ಕಟ್ಟಿಕೊಳ್ಳಿ. ಹಡಗಿನ ಇಂಜಿನ್ ರೂಮಿಗೆ ಇಳಿಯುವಾಗ ಕಿವಿಗೆ ಹಾಕುವುದನ್ನು ಮರೆಯಬೇಡಿ. ಈಗಲೇ ನೀವು ನಮ್ಮ ಅಡುಗೆಮನೆಯಲ್ಲಿ ನಿಂತು ಮಾತಾಡಿದರೆ ಎದುರುಮನೆಯವರು ಉತ್ತರ ಕೊಡುವ ಹಾಗಿದೆ.

ನಾವು ಕ್ಷೇಮ. ಅತ್ತೆಯ ಮೊಣಕಾಲು ಹವೆ ತಂಪಾದರೆ ಮುನಿಸಿಕೊಳ್ಳುತ್ತದೆ, ಬಿಸಿಲು ಬಿದ್ದರೆ ರಾಜಿಗೆ ಬರುತ್ತದೆ. ಊಟ, ನಿದ್ದೆ ಚೆನ್ನಾಗಿದೆ, ನನ್ನನ್ನು ಬೈಯುವ ಶಕ್ತಿಯೂ ಚೆನ್ನಾಗಿದೆ. ಮಗಳು ಹಾಸ್ಟೆಲಿನಿಂದ ವಾರಕ್ಕೊಮ್ಮೆ ಫೋನ್ ಮಾಡಿ ನನ್ನ ಹತ್ತಿರ ಐದು ನಿಮಿಷ, ಅಜ್ಜಿಯ ಹತ್ತಿರ ಅರ್ಧ ಗಂಟೆ ಮಾತಾಡುತ್ತಾಳೆ. ಇಬ್ಬರೂ ಸೇರಿ ನನ್ನನ್ನೇ ಆಡಿಕೊಳ್ಳುತ್ತಾರೆ ಎಂಬುದು ಅತ್ತೆ ನಗುವ ರೀತಿಯಿಂದಲೇ ತಿಳಿಯುತ್ತದೆ. ಕೊನೆಯ ವರ್ಷದ ಓದು, ತೂಕ ಇಳಿದಿದೆ, ನಾಲಿಗೆ ಮಾತ್ರ ಬೆಳೆದಿದೆ.

ಫೋನಿರುವಾಗ ಕಾಗದವೇಕೆ ಎಂದು ನಿಮಗೆ ಅನ್ನಿಸಬಹುದು. ನಿಮ್ಮ ಹಡಗಿನ ಆ ಒಂದೇ ಫೋನಿನಲ್ಲಿ ಮಾತಾಡುವುದೆಂದರೆ ಬಸ್‌ ಸ್ಟ್ಯಾಂಡಿನಲ್ಲಿ ನಿಂತು ಸಂಸಾರ ಮಾಡಿದಂತೆ. ನಿಮ್ಮ ಬೆನ್ನ ಹಿಂದೆ ಅಡುಗೆಯವನು ಕೆಮ್ಮುತ್ತಿರುತ್ತಾನೆ, ಅವನ ಹಿಂದೆ ಇನ್ನು ನಾಲ್ಕು ಜನ. ನಾನು ಬಾಯಿ ತೆರೆಯುವಷ್ಟರಲ್ಲಿ ನಿಮ್ಮ ಸರದಿ ಮುಗಿದಿರುತ್ತದೆ. ನಿಮ್ಮ ಹಡಗಿಗೆ ಹೊಸದಾಗಿ ಸೇರಲಿರುವ ಎಲೆಕ್ಟ್ರಿಷಿಯನ್ ಇವತ್ತು ಈ ದಾರಿಯಾಗಿಯೇ ಹೊರಡುತ್ತಾರಂತೆ, ಮಧ್ಯಾಹ್ನದೊಳಗೆ ಬಂದು ಕಾಗದ ಒಯ್ಯುತ್ತೇನೆ ಎಂದಿದ್ದಾರೆ. ಅವರು ಹಡಗು ಹತ್ತುವ ಬಂದರಿನಲ್ಲೇ ನೀವು ಕ್ಯಾಪ್ಟನ್ನಿಗೆ ಉತ್ತರ ಹೇಳಬೇಕು ಎಂಬುದೂ ನನಗೆ ನೆನಪಿದೆ. ಈ ಮೂರು ತಿಂಗಳ ಕಾಂಟ್ರಾಕ್ಟು ಮುಗಿಸಿ ಇಳಿದು ಬರುವುದೋ, ಅಥವಾ ಕಂಪನಿಯವರು ಕೇಳುತ್ತಿರುವಂತೆ ಇನ್ನೊಂದು ವರ್ಷಕ್ಕೆ ಸಹಿ ಹಾಕುವುದೋ? ಪ್ರತಿ ಫೋನಿನಲ್ಲೂ ಕೇಳಿದಿರಿ, ಕೇಳಿ ‘ನೀನು ಹೇಳಿದ ಹಾಗೆ’ ಎಂದು ಭಾರವನ್ನೆಲ್ಲ ನನ್ನ ತಲೆಗೆ ಕಟ್ಟಿದಿರಿ. ನಾನೂ ಕಡಿಮೆಯೇನಲ್ಲ, ಪ್ರತಿ ಸಲವೂ ಲೈನು ಸರಿಯಿಲ್ಲ ಎಂದೆ. ಆ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ. ಮೊದಲೇ ಬರೆದರೆ ನೀವು ಅದನ್ನಷ್ಟೇ ಓದಿ ಉಳಿದದ್ದನ್ನು ಜೇಬಿಗೆ ಹಾಕಿಕೊಳ್ಳುವವರು. ನನಗೆ ನಿಮ್ಮ ಗಾಜಿನ ತೊಟ್ಟಿಯ ಕಥೆ ಹೇಳಬೇಕಾಗಿದೆ.

ಅರ್ಧ ಆಯುಸ್ಸು ಸಮುದ್ರದ ಮೇಲೆ ಕಳೆದೂ ಮೀನನ್ನು ಊಟದ ತಟ್ಟೆಯಲ್ಲಿ ಮಾತ್ರ ನೋಡಿದ ಮನುಷ್ಯ ಎಂದು ನಿಮ್ಮನ್ನು ನಾವೆಲ್ಲ ಗೇಲಿ ಮಾಡುತ್ತಿದ್ದೆವು. ‘ನಾನಿರೋದು ನೀರಿನ ಮಟ್ಟಕ್ಕಿಂತ ಕೆಳಗೆ, ಗೋಡೆಯ ಆಚೆ ಬದಿಗೇ ಸಮುದ್ರ, ಆದ್ರೂ ಒಂದು ದಿನ ಒಳಗೆ ಹೇಗಿದೆ ಅಂತ ನೋಡ್ಲಿಲ್ಲ’ ಎಂದು ನೀವು ಒಮ್ಮೆ ಹೇಳಿದಾಗ ಮಾತ್ರ ನನಗೆ ನಗು ಬರಲಿಲ್ಲ. ಅದಕ್ಕೇ ಹೋದ ರಜೆಯಲ್ಲಿ ನಾಲ್ಕು ಜನ ಏದುಸಿರು ಬಿಡುತ್ತಾ ಆ ತೊಟ್ಟಿಯನ್ನು ಮೆಟ್ಟಿಲು ಹತ್ತಿಸಿದಾಗ ನಾನು ತುಟಿ ಬಿಚ್ಚಲಿಲ್ಲ. ಮುಂದಿನ ಕೋಣೆಯ ಬೀರು ಮಲಗುವ ಕೋಣೆಗೆ ಬಂತು, ಮಲಗುವ ಕೋಣೆಯ ಮೇಜು ಬಾಲ್ಕನಿಗೆ ಹೋಯಿತು, ಬಾಲ್ಕನಿಯ ಗಿಡಗಳು ಕೆಳಗಿನ ಮನೆಯ ದರ್ಜಿ ಹೆಂಗಸಿನ ಪಾಲಾದವು. ಬಿಳಿ ಮರಳು, ತೂತುತೂತಾದ ಕಲ್ಲುಗಳು, ನೀರು ತಿರುಗಿಸುವ ಪಂಪು, ಬೆಚ್ಚಗಿಡುವ ಕಡ್ಡಿ ಎಲ್ಲ ಬಂದವು. ನೀವು ಡ್ರಮ್ಮಿನಲ್ಲಿ ಉಪ್ಪು ಕದಡುತ್ತಾ ನಾಲಿಗೆಗೆ ಹಚ್ಚಿ ನೋಡಿ ‘ಇದೇ, ಇದೇ ರುಚಿ’ ಎಂದು ಮುಖ ಅರಳಿಸಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಹೊರಡುವ ದಿನ ‘ಇದೇ ಕೊನೆ, ಮೂರೇ ತಿಂಗಳು. ಅಷ್ಟರಲ್ಲಿ ನೀರು ಪಳಗಿರತ್ತೆ, ಬಂದು ಒಟ್ಟಿಗೆ ಮೀನು ಬಿಡೋಣ’ ಎಂದಿರಿ. ಆಮೇಲೆ ಸುಲಿದ ಒಂದು ಹಸಿ ಸೀಗಡಿಯನ್ನು ನೀರಿಗೆ ಹಾಕಿ, ಬ್ಯಾಗು ಎತ್ತಿಕೊಂಡು ನಡೆದೇಬಿಟ್ಟಿರಿ. ಗಂಡನಾದವನು ಹೊರಡುವಾಗ ಹೆಂಡತಿಗೆ ಏನೇನೋ ಬಿಟ್ಟುಹೋಗುತ್ತಾನೆ. ನೀವು ಕೊಳೆಯಲೆಂದೇ ಒಂದು ಸೀಗಡಿ ಬಿಟ್ಟುಹೋದಿರಿ.

ಅದು ಕೊಳೆಯಿತು, ನಿಷ್ಠೆಯಿಂದ ಕೊಳೆಯಿತು. ನೀವು ಹೇಳಿಕೊಟ್ಟಂತೆ ನಾನು ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಪುಟ್ಟ ಗಾಜಿನ ನಳಿಗೆಗಳಲ್ಲಿ ನೀರು ಹಿಡಿದು, ಪರೀಕ್ಷೆಯ ಸೀಸೆಗಳಿಂದ ಹನಿ ಬಿಟ್ಟು, ಕಿಟಕಿಯ ಬೆಳಕಿಗೆ ಎತ್ತಿ ಬಣ್ಣ ನೋಡುತ್ತಿದ್ದೆ. ಮೊದಲ ನಳಿಗೆ ಹಳದಿಯಿಂದ ಹಸಿರಾಯಿತು, ಸೀಗಡಿ ಕೊಳೆತು ಅಮೋನಿಯಾ ಏರುತ್ತಿದೆ ಎಂದರ್ಥ. ಅದು ವಿಷ. ಆ ವಿಷವನ್ನೇ ತಿಂದು ಬದುಕುವ ಒಂದು ಜಾತಿಯ ಸೂಕ್ಷ್ಮಜೀವಿಗಳು ಕಲ್ಲು, ಮರಳುಗಳಲ್ಲಿ ಮನೆ ಮಾಡುತ್ತವೆ. ಅವು ತಿಂದು ಬಿಡುವುದು ನೈಟ್ರೈಟ್ ಎಂಬ ಇನ್ನೊಂದು ವಿಷ, ಅದಕ್ಕೆ ಎರಡನೆಯ ನಳಿಗೆ ನೇರಳೆಯಾಗುತ್ತದೆ. ಅದನ್ನು ತಿನ್ನಲು ಇನ್ನೊಂದು ಜಾತಿಯವು ಬರಬೇಕು. ಅವು ಬಿಡುವ ನೈಟ್ರೇಟ್ ಸಾಧು ಸ್ವಭಾವದ್ದು, ಸ್ವಲ್ಪವಿದ್ದರೆ ಮೀನಿಗೇನೂ ಮಾಡುವುದಿಲ್ಲ, ಮೂರನೆಯ ನಳಿಗೆಯಲ್ಲಿ ಕೆಂಪಾಗಿ ಕಾಣುತ್ತದೆ. ಈ ಎರಡೂ ಜಾತಿ ಬಂದು ನೆಲೆಯೂರುವವರೆಗೆ ಮೀನು ಬಿಟ್ಟರೆ ಅದು ತನ್ನ ಹೊಲಸಿನಲ್ಲೇ ಉಸಿರುಗಟ್ಟಿ ಸಾಯುತ್ತದೆ. ನೀರು ಪಳಗುವುದು ಎಂದರೆ ಇಷ್ಟೇ ಎಂದು ನೀವು ಹೇಳಿದ್ದಿರಿ. ಹೇಳಿದ್ದು ತಲೆಗೆ ಹೋಗಿತ್ತು, ಕೈಗೆ ಹೋಗಿರಲಿಲ್ಲ.

ನನ್ನ ಕೈಯ ಕೆಲಸ ನಿಮಗೆ ಗೊತ್ತೇ ಇದೆ. ಆಪರೇಷನ್ ಮುಗಿದು ಬಂದ ಕತ್ತರಿ, ಚಿಮಟ, ಟ್ರೇಗಳನ್ನು ಉಜ್ಜಿ, ತೊಳೆದು, ಕಟ್ಟಿ, ಆವಿಗೆ ಕೊಡುವುದು. ಒಂದೊಂದು ಸರದಿಗೂ ಬದುಕಿರುವ ಸೂಕ್ಷ್ಮಜೀವಿಗಳ ಒಂದು ಚಿಕ್ಕ ಸೀಸೆಯನ್ನು ಒಳಗಿಡುತ್ತೇವೆ. ಆಮೇಲೆ ಅದನ್ನು ಬೆಚ್ಚಗಿಟ್ಟು ನೋಡುತ್ತೇವೆ. ಏನೂ ಬೆಳೆಯದಿದ್ದರೆ ಪಾಸು, ಏನಾದರೂ ಬೆಳೆದರೆ ಕಳಿಸಿದ ಟ್ರೇಗಳನ್ನೆಲ್ಲ ವಾಪಸು ತರಿಸಿ ಮತ್ತೆ ಮೊದಲಿಂದ. ಇಷ್ಟು ವರ್ಷ ಅವುಗಳ ವಂಶ ನಿರ್ಮೂಲ ಮಾಡಿ ಸಂಬಳ ಎಣಿಸಿದವಳನ್ನು ಹಿಡಿದು ಮನೆಯಲ್ಲಿ ಅವುಗಳನ್ನೇ ಸಾಕು ಎಂದಿರಲ್ಲ, ನಿಮ್ಮ ಧೈರ್ಯಕ್ಕೆ ಏನೆನ್ನಲಿ!

ಮೊದಲು ವಾಸನೆ ಶುರುವಾಯಿತು. ‘ಮನೇಲಿ ಏನೋ ಸತ್ತಿದೆ’ ಎಂದರು ಅತ್ತೆ. ‘ಹೌದು, ನಿಮ್ಮ ಮಗ ಬಿಟ್ಟುಹೋಗಿದ್ದು’ ಎಂದೆ. ಆಮೇಲೆ ಕಂದು ಬಣ್ಣದ ಲೋಳೆ ಬಂತು. ಬಿಳಿ ಮರಳಿನ ಮೇಲೆ, ಕಲ್ಲುಗಳ ಮೇಲೆ, ಗಾಜಿನ ಮೇಲೆ ದಿನ ಬೆಳಗಾದರೆ ಇನ್ನಷ್ಟು. ಬಾಗಿಲಿಗೆ ಬಂದವರು ಮೊದಲು ಅದನ್ನು ನೋಡಿ, ಆಮೇಲೆ ನನ್ನನ್ನು ನೋಡುತ್ತಿದ್ದರು. ನಾನು ಹಲ್ಲು ಕಚ್ಚಿ ಸಹಿಸಿದೆ. ಆದರೆ ಒಂದು ವಾರ ಆಸ್ಪತ್ರೆಗೆ ತಪಾಸಣೆಯವರು ಬಂದು ಹೋದರು. ನಮ್ಮ ರೂಮನ್ನು ನೋಡಿ ‘ಇಲ್ಲಿ ನೆಲದ ಮೇಲೆ ಊಟ ಬಡಿಸ್ಬಹುದು’ ಎಂದು ಎಲ್ಲರೆದುರು ಹೇಳಿದರು. ಆ ಹೊಗಳಿಕೆ ತಲೆಗೇರಿಸಿಕೊಂಡು ಮನೆಗೆ ಬಂದವಳಿಗೆ ನಿಮ್ಮ ತೊಟ್ಟಿ ಕಣ್ಣಿಗೆ ಬಿತ್ತು. ಮಾರನೆಯ ದಿನ ರಜೆ. ತೋಳು ಮಡಚಿದೆ. ಕಲ್ಲುಗಳನ್ನು ಒಂದೊಂದಾಗಿ ತೆಗೆದು ನಲ್ಲಿಯ ಬಿಸಿನೀರಿನ ಕೆಳಗೆ ಹಿಡಿದು, ಸಂದುಗೊಂದಿಗಳಿಗೆಲ್ಲ ಬ್ರಶ್ ಹಾಕಿ ಉಜ್ಜಿದೆ. ಮರಳನ್ನು ಬಕೆಟ್ಟಿನಲ್ಲಿ ತೊಳೆದೆ, ತೊಳೆದ ನೀರು ತಿಳಿಯಾಗುವವರೆಗೂ ಬಿಡಲಿಲ್ಲ. ಪಂಪಿನ ಸ್ಪಂಜು ಹಿಂಡಿದೆ, ಗಾಜು ಒರೆಸಿದೆ, ಅಳಿದುಳಿದ ಸೀಗಡಿಯನ್ನು ಕಸಕ್ಕೆ ಹಾಕಿದೆ. ಹಳೆಯ ನೀರೆಲ್ಲ ಚೆಲ್ಲಿ ಹೊಸದಾಗಿ ಉಪ್ಪು ಕದಡಿ ತುಂಬಿದೆ. ಊಟದ ಹೊತ್ತಿಗೆ ತೊಟ್ಟಿ ಫಳಫಳ ಎನ್ನುತ್ತಿತ್ತು. ಅತ್ತೆ ಬಗ್ಗಿ ನೋಡಿ ‘ಒಳ್ಳೇ ಆಪರೇಷನ್ ಥಿಯೇಟರ್ ಇದ್ದ ಹಾಗಿದೆ’ ಎಂದರು. ನಾನು ಅದನ್ನು ಹೊಗಳಿಕೆ ಎಂದೇ ತಿಳಿದು ಎರಡು ತುತ್ತು ಹೆಚ್ಚೇ ಉಂಡೆ.

ಆಮೇಲೆ ನಳಿಗೆಗಳಲ್ಲಿ ನೋಡಿದೆ. ಮೊದಲನೆಯದು ಸೊನ್ನೆ, ಎರಡನೆಯದು ಸೊನ್ನೆ, ಮೂರನೆಯದೂ ಸೊನ್ನೆ. ಮತ್ತೆ ಮರುದಿನ ನೋಡಿದೆ, ಹಾಗೇ ಇದೆ. ನಮ್ಮ ರೂಮಿನ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಪಾಸು ಇನ್ನೊಂದಿಲ್ಲ. ನೀವು ಬರುವ ಮುಂಚೆಯೇ ನೀರು ಪಳಗಿತು, ನೋಡಿ ಬೆಪ್ಪಾಗುತ್ತೀರಿ ಎಂದು ಹಿಗ್ಗುತ್ತಾ ಕಲ್ಲು, ಮರಳು ಕೊಟ್ಟ ಮೀನಿನಂಗಡಿಯ ಹೆಂಗಸಿಗೆ ಫೋನ್ ಮಾಡಿ ಎರಡು ಮೀನು ತೆಗೆದಿಡಿ ಎಂದೆ. ಆ ಹೆಂಗಸು ನಿಮಗೆ ಗೊತ್ತಲ್ಲ, ತೋಳು ಸದಾ ಒದ್ದೆ, ದನಿ ಗಂಡಸಿನದು, ನನ್ನನ್ನು ಅಕ್ಕಾ ಎನ್ನುತ್ತಾಳೆ. ‘ಮೂರನೇದು ಎಷ್ಟು ಬಂತು ಅಕ್ಕಾ?’ ಎಂದಳು. ಅದೂ ಸೊನ್ನೆಯೇ ಎಂದು ಎದೆಯುಬ್ಬಿಸಿ ಹೇಳಿದೆ. ಅವಳು ಮೆಲ್ಲಗೆ, ಆಪರೇಷನ್ನಿಗೆ ಮೊದಲು ರೋಗಿಗೆ ಊಟ ಕೊಟ್ಟುಬಿಟ್ಟಿರಾ ಎಂದು ಡಾಕ್ಟರು ಕೇಳುವ ದನಿಯಲ್ಲಿ, ‘ಅಕ್ಕಾ, ತೊಳೆದ್ರಾ?’ ಎಂದಳು.

ಸಂಜೆ ಅಂಗಡಿ ಮುಚ್ಚಿಕೊಂಡು ಅವಳೇ ಬಂದಳು. ತೊಟ್ಟಿಯ ಮುಂದೆ ನಿಂತು ನೋಡಿದಳು, ನನ್ನ ಮುಖ ನೋಡಿದಳು, ಆಮೇಲೆ ಕುರ್ಚಿ ಎಳೆದುಕೊಂಡು ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅತ್ತೆಗೆ ಏನೆಂದು ತಿಳಿಯದಿದ್ದರೂ ಜೊತೆಗೆ ನಕ್ಕರು. ಮೂರನೆಯದು ಕೆಂಪಾದರೆ ತಾನೇ ಒಳಗೆ ಎರಡೂ ಜಾತಿ ಬದುಕಿವೆ ಎಂದು ತಿಳಿಯುವುದು, ಮೂರೂ ಸೊನ್ನೆ ಎಂದರೆ ಒಳಗೆ ಯಾರೂ ಇಲ್ಲ ಎಂದರ್ಥ ಎಂದಳು. ಬಂದು ನೆಲೆಯೂರುತ್ತಿದ್ದವರನ್ನು ನಾನೇ ಬಿಸಿನೀರು ಹಾಕಿ ಒಕ್ಕಲೆಬ್ಬಿಸಿದ್ದೆ. ಇನ್ನೇನು ಮುಗಿಯುತ್ತಿತ್ತು, ಆ ಲೋಳೆಯೂ ತಾನಾಗಿ ಹೋಗುತ್ತಿತ್ತು ಎಂದಳು. ನನಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಚಹಾ ಮಾಡಿ ಕೊಟ್ಟೆ. ಅದನ್ನು ಕುಡಿಯುತ್ತಾ ಅವಳು ನನ್ನನ್ನು ಸಮಾಧಾನ ಮಾಡಲೆಂದೇ ಒಂದು ಮಾತು ಹೇಳಿದಳು. ‘ನೀವೊಬ್ರೇ ಅಲ್ಲ ಅಕ್ಕಾ. ಮಧ್ಯದಲ್ಲಿ ವಾಸನೆ ಬಂತು, ಗಲೀಜಾಯ್ತು ಅಂತ ಎಲ್ಲಾ ಚೆಲ್ಲಿ ಮತ್ತೆ ಶುರು ಮಾಡೋರೇ ಜಾಸ್ತಿ. ಅಂಥೋರ ಮನೇಲಿ ತೊಟ್ಟಿ ಯಾವಾಗ್ಲೂ ಹೊಸದರ ಥರಾನೇ ಇರತ್ತೆ. ಮೀನು ಮಾತ್ರ ಇರಲ್ಲ.’ ಹೇಳಿ ಅವಳು ಮರೆತಳು. ನನಗೆ ಮಾತ್ರ ಅದು ಗಂಟಲಿಗೆ ಸಿಕ್ಕಿದ ಮುಳ್ಳಿನಂತೆ ಉಳಿಯಿತು.

ಮರುದಿನ ಅವಳು ತನ್ನ ಅಂಗಡಿಯ ತೊಟ್ಟಿಯಿಂದಲೇ ಅಂಗೈಯಗಲದ ಒಂದು ಕಲ್ಲನ್ನು ಒದ್ದೆ ಕಾಗದದಲ್ಲಿ ಸುತ್ತಿ ಕಳಿಸಿದಳು. ಇಷ್ಟು ಕುರೂಪದ ಕಲ್ಲನ್ನು ನಾನು ನನ್ನ ಜನ್ಮದಲ್ಲಿ ಕಂಡಿಲ್ಲ. ಅದರ ಮೇಲಿರುವ ಕೊಳೆಯೇ ಬೀಜ, ಅದನ್ನು ಮುಟ್ಟಬೇಡಿ ಎಂದು ಹೇಳಿ ಕಳಿಸಿದ್ದಳು. ಅದನ್ನು ನೀರಿಗಿಟ್ಟು, ಚೂರೇ ಚೂರು ಸೀಗಡಿ ಹಾಕಿ, ಮತ್ತೆ ಹಸಿರು ನೋಡಲು ಕೂತೆ. ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಅತ್ತೆ ‘ಇಲ್ಲಿ ಯಾರೋ ಕೈ ಬೀಸ್ತಿದ್ದಾರೆ’ ಎಂದು ಕೂಗಿದರು. ಕನ್ನಡಕವಿಲ್ಲದೆ ನನ್ನನ್ನೇ ಮೊಮ್ಮಗಳೆಂದು ಕರೆಯುವವರ ಮಾತನ್ನು ಯಾರು ನಂಬುತ್ತಾರೆ? ಬಗ್ಗಿ ನೋಡಿದರೆ ನಿಜವೇ. ಆ ಕಲ್ಲಿನ ತೂತಿನಿಂದ ಉಗುರಿನ ಅಂಚಿನಷ್ಟು ಒಂದು ಗರಿ ಹೊರಗೆ ಬಂದು ನೀರಿನಲ್ಲಿ ಅಲ್ಲಾಡುತ್ತಿತ್ತು. ನನ್ನ ನೆರಳು ಬಿದ್ದದ್ದೇ ತಡ, ಸರಕ್ಕನೆ ಒಳಗೆ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಮೆಲ್ಲಗೆ ಹೊರಗೆ. ಗರಿಹುಳವಂತೆ, ಕಲ್ಲಿನ ಜೊತೆ ಟಿಕೇಟಿಲ್ಲದೆ ಬಂದಿದೆ. ಅಂದಿನಿಂದ ಅತ್ತೆ ತಮ್ಮ ಕುರ್ಚಿಯನ್ನು ಟಿವಿಯ ಮುಂದಿನಿಂದ ತೊಟ್ಟಿಯ ಮುಂದಕ್ಕೆ ಬದಲಾಯಿಸಿದ್ದಾರೆ. ನಾನು ಆ ಕಡೆ ಬಿರುಸಾಗಿ ನಡೆದರೆ ‘ಮೆಲ್ಲಗೆ, ಅದು ಹೆದರತ್ತೆ’ ಎಂದು ಗದರುತ್ತಾರೆ. ನಿಮ್ಮನ್ನು ಹೆತ್ತಾಗಲೂ ಇಷ್ಟು ಮುತುವರ್ಜಿ ಮಾಡಿದ್ದರೋ ಇಲ್ಲವೋ.

ಈಗ ಎರಡನೆಯ ನಳಿಗೆ ಕಡುನೇರಳೆಯಾಗಿದೆ, ಮರಳಿನ ಮೇಲೆ ಕಂದು ಲೋಳೆ ಮತ್ತೆ ಶುರುವಾಗಿದೆ. ಅಂಗಡಿಯವಳು ನೋಡಿ ‘ಇದೇ ಕೆಟ್ಟ ಕಾಲ ಅಕ್ಕಾ, ಇದೇ ಒಳ್ಳೇ ಗುರುತು. ಕೈ ಹಾಕಬೇಡಿ’ ಎಂದು ಹೋದಳು. ಕೈ ಹಾಕದಿರುವುದು ಎಷ್ಟು ಕಷ್ಟ ಎಂದು ನಿಮಗೆ ಹೇಗೆ ಹೇಳಲಿ! ಒರೆಸುವ ಬಟ್ಟೆ ಕೈಯಲ್ಲಿ ಹಿಡಿದು ತೊಟ್ಟಿಯವರೆಗೆ ಹೋಗುತ್ತೇನೆ, ಅತ್ತೆ ಕೆಮ್ಮುತ್ತಾರೆ, ಹೊರಳಿ ಬಂದು ಒರೆಸಿದ ಒಲೆಯನ್ನೇ ಇನ್ನೊಮ್ಮೆ ಒರೆಸುತ್ತೇನೆ. ನಮ್ಮ ಮನೆಯ ಒಲೆ ಈಗ ಕನ್ನಡಿಯಾಗಿದೆ.

ಹಾಗೆ ಕೈ ಕಟ್ಟಿ ಕೂತಾಗ ತಲೆ ಸುಮ್ಮನಿರುವುದಿಲ್ಲ. ಕೆಳಗಿನ ಮನೆಯ ದರ್ಜಿ ಹೆಂಗಸು ಯಾವಾಗಲೂ ಒಂದು ಮಾತು ಹೇಳುತ್ತಾಳಲ್ಲ, ‘ಇಷ್ಟು ವರ್ಷ ಆದ್ರೂ ನೀವಿಬ್ರೂ ಹೊಸ ಜೋಡಿ ಥರಾನೇ ಇದ್ದೀರಿ’ ಎಂದು. ಕೇಳಿದಾಗಲೆಲ್ಲ ನನಗೆ ಹೆಮ್ಮೆಯಾಗುತ್ತಿತ್ತು. ಈಗ ಅದೇ ಮಾತು ಬೇರೆ ರೀತಿ ಕೇಳಿಸುತ್ತಿದೆ. ನಮ್ಮ ರಜೆಗಳನ್ನು ನೆನಪು ಮಾಡಿಕೊಳ್ಳಿ. ಮೊದಲ ವಾರ ನೀವು ಅತಿಥಿ, ನಾನು ರಜೆ ಹಾಕಿ ನೀವು ಕೇಳಿದ್ದನ್ನೆಲ್ಲ ಮಾಡಿ ಬಡಿಸುತ್ತೇನೆ. ಎರಡನೆಯ ವಾರ ನೀವು ಕೆಡದಿರುವ ನಲ್ಲಿಯನ್ನು ರಿಪೇರಿ ಮಾಡುತ್ತೀರಿ, ನನ್ನ ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸುತ್ತೀರಿ, ಬೆಳಕು ಹರಿಯುವ ಮುಂಚೆ ಎದ್ದು ಪಾಳಿಗೆ ಹೊರಟವರಂತೆ ಬೂಟು ಸದ್ದು ಮಾಡುತ್ತೀರಿ. ಮೂರನೆಯ ವಾರ ನಾನು ಪಾತ್ರೆ ಕುಕ್ಕುತ್ತೇನೆ. ನೀವು ಗಂಟುಮುಖ ಹಾಕಿಕೊಂಡು ಫೋನ್ ಹಿಡಿದು ಮಹಡಿಗೆ ಹೋಗಿ ಕಂಪನಿಯವನಿಗೆ ಯಾವುದಾದರೂ ಹಡಗು ಖಾಲಿ ಇದೆಯೇ ಎಂದು ಕೇಳುತ್ತೀರಿ. ಹೊರಡುವ ತಾರೀಕು ಗೊತ್ತಾದ ಕೂಡಲೇ ಇಬ್ಬರೂ ಬೆಣ್ಣೆಯಾಗಿಬಿಡುತ್ತೇವೆ. ಆಮೇಲೆ ನಾನು ನಿಮ್ಮ ಡಬ್ಬಿಗಳ ಸಾಲನ್ನು ಕೆಡಿಸಿ ನನ್ನ ಸಾಲು ಮಾಡಿ, ಹಾಸಿಗೆಯ ನಡುವೆ ಮಲಗಿ, ನಿಮಗಾಗಿ ಹಂಬಲಿಸಲು ಶುರು ಮಾಡುತ್ತೇನೆ. ಮಗಳು ಒಮ್ಮೆ ‘ಅಪ್ಪ ಬಂದ್ರೆ ಮೊದಲ್ನೇ ವಾರ ನಾನು ಮನೆಗೆ ಬರ್ತೀನಿ, ಮೂರನೇ ವಾರ ಮಾತ್ರ ಕರೀಬೇಡಿ’ ಎಂದಿದ್ದಳು. ನಕ್ಕುಬಿಟ್ಟೆವು. ಮೂರನೆಯ ವಾರದ ಆಚೆಗೆ ಏನಿದೆ ಎಂದು ನಾವಿಬ್ಬರೂ ಒಂದು ಸಲವೂ ನೋಡಿಲ್ಲ.

ಇನ್ನು ನಿಮ್ಮ ಪ್ರಶ್ನೆ. ಮನೆ ಆಗಲಿ ಎಂದು ಹೋದಿರಿ, ಆಯಿತು. ಮಗಳ ಓದು ಮುಗಿಯಲಿ ಎಂದು ಹೋದಿರಿ, ಅದೂ ಮುಗಿಯುತ್ತಾ ಬಂತು. ಈಗ ನೆಪಕ್ಕೆ ಏನೂ ಉಳಿದಿಲ್ಲ. ಆದರೂ ಬನ್ನಿ ಎನ್ನಲು ನನಗೆ ಭಯವಾಗುತ್ತದೆ. ಒಬ್ಬಳೇ ಇದ್ದು ನನಗೆ ಅಭ್ಯಾಸವಾಗಿಹೋಗಿದೆ. ನಾನು ದೀಪ ಆರಿಸಿದರೆ ಮನೆಯಲ್ಲಿ ದೀಪ ಆರುತ್ತದೆ, ನಾನು ಬೇಡವೆಂದ ಪಲ್ಯ ಈ ಮನೆಗೆ ಬರುವುದಿಲ್ಲ. ನಿಮಗೂ ಅಲ್ಲಿನ ಗಂಟೆ, ಸದ್ದು, ಜೊತೆಗಾರರು ಒಗ್ಗಿರಬಹುದು. ನೀವು ಪೂರ್ತಿಯಾಗಿ ಬಂದು, ನಮಗೆ ಒಟ್ಟಿಗೆ ಇರಲಾಗುವುದಿಲ್ಲ ಎಂದು ಗೊತ್ತಾದರೆ ಏನು ಮಾಡುವುದು? ಇಲ್ಲಿಯವರೆಗೆ ಎಲ್ಲವನ್ನೂ ಹಡಗಿನ ತಲೆಗೆ ಕಟ್ಟಿದ್ದೇವೆ, ಆಗ ದೂರಲು ಹಡಗೂ ಇರುವುದಿಲ್ಲ. ಹಾಗಾಗಿ ಆ ವಿಷಯದಲ್ಲಿ ನಾನು ಏನೂ ಹೇಳುವುದಿಲ್ಲ. ನಿಮ್ಮಿಷ್ಟ. ಯಾವತ್ತೂ ಹಾಗೇ ಹೇಳಿದ್ದೇನೆ, ಈಗಲೂ ಹಾಗೇ.

ಅತ್ತೆ ನಿಮಗೆ ಆಶೀರ್ವಾದ ಹೇಳಿದ್ದಾರೆ, ಹೊಟ್ಟೆ ಕಾಯಿಸಬೇಡ, ಇಳಿಜಾರಿನ ಮೆಟ್ಟಿಲಲ್ಲಿ ಓಡಬೇಡ ಎಂದಿದ್ದಾರೆ. ಗರಿಹುಳವನ್ನು ತಾವೇ ಮೊದಲು ಕಂಡದ್ದೆಂದು ಬರೆದಿದ್ದೀಯಾ ಎಂದು ಎರಡು ಸಲ ಕೇಳಿದರು. ಬರೆದಿದ್ದೇನೆ. ಮಗಳ ಪ್ರೀತಿಯನ್ನೂ ಸೇರಿಸಿದ್ದೇನೆ, ಅವಳನ್ನು ಕೇಳದೆಯೇ. ಅಡುಗೆಯವರಿಗೂ ನಿಮ್ಮ ಕ್ಯಾಬಿನ್ನಿನ ಆಚೆ ಈಚೆಯವರಿಗೂ ನಮಸ್ಕಾರ ತಿಳಿಸಿ. ಎಲೆಕ್ಟ್ರಿಷಿಯನ್ ಕೈಯಲ್ಲಿ ಎರಡು ಬನಿಯನ್ನು, ಸುಟ್ಟಗಾಯದ ಮುಲಾಮು ಕಳಿಸುತ್ತಿದ್ದೇನೆ. ಮುಲಾಮು ಹಚ್ಚಲಿಕ್ಕೆ, ಪೆಟ್ಟಿಗೆಯಲ್ಲಿ ಇಡಲಿಕ್ಕಲ್ಲ. ಎಲ್ಲಿದ್ದರೂ ಸುಖವಾಗಿರಿ.

ಇಂತಿ,
ನಿಮ್ಮವಳು

ತಾ.ಕ.: ನಿಂತುಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಓದಿಕೊಳ್ಳಿ. ಎಲೆಕ್ಟ್ರಿಷಿಯನ್ ಬಂದು ಮುಂದಿನ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದಾರೆ, ಕೆಳಗೆ ಗಾಡಿ ಕಾಯುತ್ತಿದೆ. ಒಳ್ಳೆಯ ಮನುಷ್ಯ. ‘ಫಿಟ್ಟರ್ ಸಾರ್ ಇನ್ನೂ ಒಂದು ವರ್ಷ ಇರ್ತಾರಂತಲ್ಲ, ಕಂಪನಿಯವರು ಹೇಳಿದ್ರು, ನನಗೊಂದು ಧೈರ್ಯ’ ಎಂದು ಸಂತೋಷದಿಂದ ಹೇಳಿದರು. ನೀವು ಹೇಳುವ ಮುಂಚೆಯೇ ನಿಮ್ಮನ್ನು ಅವರು ಲೆಕ್ಕಕ್ಕೆ ಸೇರಿಸಿಕೊಂಡಾಗಿದೆ. ಅದನ್ನು ಕೇಳಿ ಅತ್ತೆ ತೊಟ್ಟಿಯ ಕಡೆಗೆ ಮುಖ ತಿರುಗಿಸಿ ಕೂತರು. ಮೇಲೆ ನಿಮ್ಮಿಷ್ಟ ಎಂದು ಬರೆದಿದ್ದೇನಲ್ಲ, ಅದನ್ನು ನಂಬಬೇಡಿ. ನನ್ನಿಷ್ಟ ಹೇಳುತ್ತೇನೆ, ಕೇಳಿ. ಸಹಿ ಹಾಕಬೇಡಿ. ರಜೆಗೆ ಬರಬೇಡಿ, ಬಂದೇಬಿಡಿ. ನೀರು ಪಳಗಿರಲಿ ಬಿಡಲಿ, ಕಾಯಬೇಡಿ. ಮೂರನೆಯ ವಾರ ಜಗಳ ಆಗುತ್ತದೆ, ಖಂಡಿತ ಆಗುತ್ತದೆ, ಈ ಸಲ ಇನ್ನೂ ಜೋರಾಗಿಯೇ ಆಗಬಹುದು. ನಾನು ಕುಕ್ಕುವುದನ್ನು ಕುಕ್ಕುತ್ತೇನೆ. ನಿಮಗೂ ಮಹಡಿಗೆ ಹೋಗಬೇಕೆನ್ನಿಸಿದರೆ ಹೋಗಿ, ಎಷ್ಟು ಹೊತ್ತು ಬೇಕಾದರೂ ಕೂತಿರಿ. ಫೋನು ಮಾತ್ರ ಕೆಳಗೆ ನನ್ನ ಹತ್ತಿರ ಇಟ್ಟು ಹೋಗಿ.